ಕಡಲ ಕಡೆಯ ಕಿಟಕಿ

ಹನ್ನೊಂದು ವರ್ಷ ಕಾದ ಮೇಲೆ ಕೊನೆಗೂ ಡ್ರೈವರನ ಸರದಿ ಬಂತು.

ಬಸ್ ಡಿಪೋದ ನೌಕರರ ಸಂಘಕ್ಕೆ ಸಮುದ್ರದ ದಂಡೆಯ ಮೇಲೆ, ಒಳಗೇ ಉಳಿಯಬಹುದಾದ ಒಂದು ಕ್ಯಾರವಾನ್ ಗಾಡಿ ಇತ್ತು. ಪಟ್ಟಿಯಲ್ಲಿ ಹೆಸರು ಬಂದವರು ಸಂಸಾರ ಕಟ್ಟಿಕೊಂಡು ಹೋಗಿ ಮೂರು ವಾರ ಇದ್ದು ಬರಬಹುದು. ಹೋಗಿ ಬಂದವರೆಲ್ಲ ಡಿಪೋದ ಕ್ಯಾಂಟೀನಿನಲ್ಲಿ ಕೂತು, ಆ ಸಮುದ್ರವನ್ನು ತಾವೇ ತೋಡಿಸಿದ್ದೇನೋ ಎನ್ನುವ ಹಾಗೆ ವರ್ಣಿಸುವುದನ್ನು ಅವನು ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಕೇಳಿದ್ದ. ಈಗ ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಗೇರು ಬದಲಿಸಿದಾಗಲೆಲ್ಲ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕಾರಿನಲ್ಲಿ ಐದು ಜನ. ಮುಂದೆ ಅವನು, ಪಕ್ಕದಲ್ಲಿ ಅಮ್ಮ. ಹಿಂದೆ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು. ಹದಿನೈದು ವರ್ಷದ ದೊಡ್ಡವಳಿಗೆ ಮನೆಯಲ್ಲಿ ಲಾಯರ್ ಎಂದೇ ಹೆಸರು. ಹಲ್ಲುಜ್ಜಿದೆಯಾ ಎಂದು ಕೇಳಿದರೆ, ಉಜ್ಜಿಲ್ಲ ಅನ್ನೋದಕ್ಕೆ ಸಾಕ್ಷಿ ಏನಿದೆ ಎಂದು ಕೇಳುವವಳು. ಚಿಕ್ಕವಳು ಗುಬ್ಬಿ, ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದು ಅವಳ ಬಾಯಿಗೆ ಬಾಗಿಲೇ ಇಲ್ಲದಂತಾಗಿತ್ತು. ವಿಷಯ ಹೊರಬಿದ್ದದ್ದು ಆ ಬಾಯಿಂದಲೇ.

"ಅಜ್ಜಿ, ಅಮ್ಮ ದೊಡ್ಡ ನರ್ಸ್ ಆಗ್ತಾಳೆ, ಗೊತ್ತಾ? ಬೆಳಿಗ್ಗೆ ಐದು ಗಂಟೆಗೇ ಹೋಗ್ತಾಳಂತೆ. ಅಪ್ಪನೂ ಇರಲ್ಲ. ನೀನೇ ನಮ್ಮನ್ನ ಎಬ್ಬಿಸ್ತೀಯಂತೆ, ತಿಂಡಿ ಮಾಡ್ತೀಯಂತೆ, ಸ್ಕೂಲಿಗೆ ಬಿಡ್ತೀಯಂತೆ, ಆಮೇಲೆ ಬಟ್ಟೆ..."

"ಗುಬ್ಬೀ, ಆಚೆ ನೋಡೇ, ಕುರಿ!" ಎಂದಳು ಹೆಂಡತಿ.

"ಎಲ್ಲಿ ಕುರಿ?"

ಕುರಿ ಎಲ್ಲೂ ಇರಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಇಲ್ಲದ ಕುರಿಯನ್ನು ಹುಡುಕುತ್ತ ಅವಳು ಹೊರಗೆ ನೋಡುತ್ತಿದ್ದಳು. ಅಮ್ಮ ಮಾತ್ರ ನೆಟ್ಟಗೆ ಕೂತು ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು.

ವಿಷಯ ಇಷ್ಟು. ಹೆಂಡತಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹದಿನೇಳು ವರ್ಷದಿಂದ ನರ್ಸ್. ಆ ವಾರ್ಡಿಗೇ ಮುಖ್ಯಸ್ಥೆಯಾಗು ಎಂದು ಈಗ ಕೇಳಿದ್ದರು. ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಎಂದರೆ ಬೆಳಗಿನ ಜಾವಕ್ಕೇ ಮನೆ ಬಿಡಬೇಕು. ಡ್ರೈವರನದೂ ಫಸ್ಟ್ ಶಿಫ್ಟ್. ಗಂಡ ಹೆಂಡತಿ ಈ ಬಗ್ಗೆ ತಲೆ ಕೆಡಿಸಿಕೊಂಡದ್ದು ಒಂದೇ ಒಂದು ಸಂಜೆ. ಅಮ್ಮ ಶಾಲೆಯ ಅಡುಗೆಮನೆಯಿಂದ ನಿವೃತ್ತಳಾಗಿ ಎರಡು ತಿಂಗಳಾಗಿತ್ತಲ್ಲ, ಮನೆಯಲ್ಲೇ ಇರುತ್ತಾಳಲ್ಲ ಎಂದುಕೊಂಡು ಇಬ್ಬರೂ ನಿಶ್ಚಿಂತೆಯಾಗಿ ಮಲಗಿದ್ದರು.

ಕ್ಯಾರವಾನ್ ದಿಬ್ಬದ ತುದಿಯಲ್ಲಿತ್ತು. ಹಾಲಿನ ಕೆನೆಯ ಬಣ್ಣದ ಉದ್ದನೆಯ ಗಾಡಿ. ಚಕ್ರಗಳು ತುಕ್ಕು ಹಿಡಿದು, ಇಟ್ಟಿಗೆಗಳ ಮೇಲೆ ಕೂತು, ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಹಟ ಹಿಡಿದಂತಿತ್ತು. ಗುಬ್ಬಿ ನೋಡಿದ ತಕ್ಷಣ ಅದಕ್ಕೆ ಗಾಡಿಮನೆ ಎಂದು ಹೆಸರಿಟ್ಟಳು. ಒಳಗೆ ಎಲ್ಲವೂ ಮಡಚುವಂಥದ್ದು. ಮೇಜು ಮಡಚಿದರೆ ಮಂಚ, ಮಂಚ ಎತ್ತಿದರೆ ಪೆಟ್ಟಿಗೆ. ಹಿಂದುಗಡೆ ಅಡುಗೆಯ ಮೂಲೆಯಲ್ಲಿ ಎರಡು ಬರ್ನರಿನ ಒಲೆ. ಅಲ್ಲಿನ ಪುಟ್ಟ ಕಿಟಕಿಯಿಂದ ಕಾಣುವುದು ಬೇಲಿ ಮತ್ತು ಒಂದು ನಲ್ಲಿ. ಸಮುದ್ರವೆಲ್ಲ ಮುಂದುಗಡೆ. ಅಲ್ಲಿ ಗೋಡೆಯೇ ಇರಲಿಲ್ಲ, ಮೂರು ಗಾಜಿನ ದೊಡ್ಡ ಕಿಟಕಿ, ಅದರ ಕೆಳಗೆ ಮೆತ್ತನೆಯ ಬೆಂಚು. ಕಿಟಕಿಯ ಆಚೆ ನೀಲಿ ಬಿಟ್ಟರೆ ಬೇರೇನೂ ಇಲ್ಲ.

ಅಮ್ಮ ಒಳಗೆ ಬಂದವಳು ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಬಿಟ್ಟು, ಸೀದಾ ಹೋಗಿ ಬೆಂಚಿನ ಮೇಲೆ ಕೂತು, ಕಾಲು ಮೇಲೆ ಎಳೆದುಕೊಂಡಳು.

"ನಾನು ಇಲ್ಲಿಂದ ಏಳಲ್ಲ."

"ಸರಿ ಅಮ್ಮ, ದಾರಿ ಸುಸ್ತು. ಐದು ನಿಮಿಷ ಕೂತ್ಕೋ. ಆಮೇಲೆ ಒಂದಿಷ್ಟು ಟೀ..."

"ಐದು ನಿಮಿಷ ಅಲ್ವೋ. ಮೂರು ವಾರ."

ಡ್ರೈವರ್ ಎರಡು ಕೈಯಲ್ಲೂ ಚೀಲ ಹಿಡಿದು ಹಾಗೇ ನಿಂತ.

"ಮೂವತ್ತೊಂದು ವರ್ಷ ದಿನಾ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದೀನಿ. ಮನೆಗೆ ಬಂದು ನಿಮಗೆ ಬೇಯಿಸಿ ಹಾಕಿದೀನಿ. ಇದು ರಜ ತಾನೇ? ನನಗೂ ರಜ. ಒಲೆ ಮುಟ್ಟಲ್ಲ, ಪಾತ್ರೆ ಮುಟ್ಟಲ್ಲ, ಪೊರಕೆ ಮುಟ್ಟಲ್ಲ. ಕೊಟ್ಟಿದ್ದನ್ನ ತಿಂತೀನಿ."

"ಪರವಾಗಿಲ್ಲ ಅತ್ತೆ, ನಾನು ಮಾಡ್ತೀನಿ ಬಿಡಿ," ಎಂದಳು ಹೆಂಡತಿ.

"ನೀನೂ ರಜ ಹಾಕಿ ಬಂದವಳೇ. ನೀನ್ಯಾಕೆ ಮಾಡ್ತೀಯ?"

ಹೆಂಡತಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಅವಳೂ ಚಪ್ಪಲಿ ಬಿಟ್ಟು ಅತ್ತೆಯ ಪಕ್ಕ ಕೂತಳು. ಇಬ್ಬರೂ ಡ್ರೈವರನ ಕಡೆ ನೋಡಿದರು. ಅವನು ಸಹಾಯಕ್ಕೆ ದೊಡ್ಡ ಮಗಳ ಮುಖ ನೋಡಿದ.

"ನನ್ನನ್ನ ನೋಡ್ಬೇಡ ಅಪ್ಪ," ಎಂದಳು ಲಾಯರ್. "ಕೇಸ್ ಗಟ್ಟಿಯಾಗಿದೆ. ನಾನು ಅವರ ಕಡೆ."

ಆ ಸಂಜೆ ಡ್ರೈವರ್ ಬದುಕಿನಲ್ಲಿ ಮೊದಲ ಸಲ ಅನ್ನ ಮಾಡಿದ. ತಳ ಇದ್ದಿಲಾಗಿತ್ತು, ನಡುವೆ ಗಂಜಿಯಾಗಿತ್ತು, ಮೇಲೆ ಅಕ್ಕಿ ಅಕ್ಕಿಯಾಗಿಯೇ ಉಳಿದಿತ್ತು. ಅಮ್ಮ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಒಂದೇ ಪಾತ್ರೇಲಿ ಮೂರು ಅಡುಗೆ! ಮೂವತ್ತೊಂದು ವರ್ಷದಲ್ಲಿ ನನ್ನ ಕೈಲಿ ಆಗಿಲ್ಲ ನೋಡು."

ಗುಬ್ಬಿ ನಡುವಿನ ಅಂತಸ್ತು ತನಗೆ ಬೇಕೆಂದಳು. ಉಳಿದವರು ಬ್ರೆಡ್ಡು ತಿಂದು ಮಲಗಿದರು. ಅಮ್ಮ ಕೂತಿದ್ದ ಬೆಂಚೇ ಡ್ರೈವರನ ಹಾಸಿಗೆ. ಸಮುದ್ರದ ಮೇಲೆ ಬೆಳಕು ಪೂರ್ತಿ ಆರುವವರೆಗೂ ಅವಳು ಏಳಲಿಲ್ಲ, ಅವಳು ಏಳುವವರೆಗೂ ಅವನಿಗೆ ಬೆನ್ನು ಚಾಚಲು ಜಾಗವಿರಲಿಲ್ಲ.

ಮೊದಲ ವಾರ ಹಾಗೇ ನಡೆಯಿತು. ಬೆಳಿಗ್ಗೆ ಎದ್ದರೆ ಎರಡು ಕ್ಯಾನು ಹಿಡಿದು ನಲ್ಲಿಯ ಬಳಿ ಸಾಲು ನಿಲ್ಲಬೇಕು. ಬಂದು ಟೀ ಕಾಸಬೇಕು, ಮೊಟ್ಟೆ ಬೇಯಿಸಬೇಕು. ಎಷ್ಟು ಗುಡಿಸಿದರೂ ಮರಳು ಮತ್ತೆ ಹಾಜರ್. ಹಾಸಿಗೆಯಲ್ಲಿ ಮರಳು, ಸಾಬೂನಿನಲ್ಲಿ ಮರಳು, ಗುಬ್ಬಿಯ ಕಿವಿಯಲ್ಲಿ ಮರಳು. ಹೆಂಡತಿ ಆಸ್ಪತ್ರೆಯ ಹದಿನೇಳು ವರ್ಷದ ನಿದ್ದೆಬಾಕಿಯನ್ನು ಮರಳ ಮೇಲೆ ಟವೆಲ್ ಹಾಸಿಕೊಂಡು ತೀರಿಸುತ್ತಿದ್ದಳು. ಮಕ್ಕಳು ನೀರಿನಿಂದ ಹೊರಬರುತ್ತಿದ್ದದ್ದು ಹಸಿವಾದಾಗ ಮಾತ್ರ. ಅವರಿಗೆ ಎರಡು ಗಂಟೆಗೊಮ್ಮೆ ಹಸಿವು. ಸಮುದ್ರದ ಗಾಳಿ ಹೊಟ್ಟೆಯೊಳಗೆ ಹೊಸದೊಂದು ಹೊಟ್ಟೆ ಹುಟ್ಟಿಸುತ್ತದೆಂದು ಡ್ರೈವರನಿಗೆ ಡಿಪೋದಲ್ಲಿ ಯಾರೂ ಹೇಳಿರಲಿಲ್ಲ.

ಅಮ್ಮನಿಗೆ ಮೂರನೇ ದಿನ ಜೊತೆ ಸಿಕ್ಕಿತು. ಪಕ್ಕದ ಗಾಡಿಯಲ್ಲಿ ವರ್ಷವಿಡೀ ಇರುವ ಒಬ್ಬ ಮುದುಕಿ. ಅಂಚೆ ಹಂಚುವ ಕೆಲಸ ಮಾಡಿ ನಿವೃತ್ತಳಾದವಳು, ಎಲ್ಲರೂ ಅಂಚೆಯಮ್ಮ ಎನ್ನುತ್ತಿದ್ದರು. ಅವಳ ಕೊರಳಲ್ಲಿ ಯಾವಾಗಲೂ ಒಂದು ದುರ್ಬೀನು ನೇತಾಡುತ್ತಿತ್ತು. ಹೋಗುವ ಬರುವ ಹಡಗುಗಳ ಹೆಸರು, ಬಣ್ಣ, ಬಾವುಟವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು.

"ನಲವತ್ತು ವರ್ಷ ನಾನು ಎಲ್ಲರ ಬಾಗಿಲಿಗೆ ಹೋದೆ," ಎಂದಳು ಅಮ್ಮನಿಗೆ. "ಈಗ ಹಡಗುಗಳೇ ನನ್ನ ಬಾಗಿಲಿಗೆ ಬರಲಿ ಅಂತ ಕೂತಿದೀನಿ."

ಅಮ್ಮನಿಗೆ ಈ ಮಾತು ಬಹಳ ಹಿಡಿಸಿತು. ಎರಡೇ ದಿನಕ್ಕೆ ಅವಳೂ ದುರ್ಬೀನು ಹಿಡಿದಳು. ಹಡಗಿನ ಹೆಸರು ಓದಲು ಬರದಿದ್ದರೂ ಅವಳಿಗೆ ಬೇರೆ ಲೆಕ್ಕ ಗೊತ್ತಾಗುತ್ತಿತ್ತು.

"ಇದರ ಹೊಟ್ಟೆ ತುಂಬಿದೆ. ನೋಡು, ಹೇಗೆ ತಗ್ಗಿ ಹೋಗ್ತಿದೆ. ಆಚೇದು ಖಾಲಿ ಹೊಟ್ಟೇದು, ಕುಣೀತಿದೆ."

ಅಂಚೆಯಮ್ಮ ಪುಸ್ತಕದಲ್ಲಿ ಒಂದು ಹೊಸ ಗೆರೆ ಎಳೆದು 'ಹೊಟ್ಟೆ' ಎಂದು ಬರೆದಳು.

ಆರನೇ ದಿನ ಮಧ್ಯಾಹ್ನ ಜಗಳ ಹತ್ತಿಕೊಂಡಿತು. ಒಲೆಯ ಮೇಲೆ ಆಲೂಗಡ್ಡೆ ಇತ್ತು. ಮಕ್ಕಳು ಚಮಚದಿಂದ ತಟ್ಟೆ ಬಡಿಯುತ್ತಿದ್ದರು. ಡ್ರೈವರನ ಬನಿಯನ್ನು ಬೆವರಿನಲ್ಲಿ ತೊಯ್ದಿತ್ತು.

"ಅಮ್ಮ, ಇದು ಬೆಂದಿದೆಯಾ, ಸ್ವಲ್ಪ ನೋಡ್ತೀಯಾ?"

"ಚಾಕು ಚುಚ್ಚಿ ನೋಡು."

"ಚುಚ್ಚಿದೆ. ಗೊತ್ತಾಗ್ತಿಲ್ಲ."

"ಗೊತ್ತಾಗದಿದ್ರೆ ಬೆಂದಿಲ್ಲ."

"ಎದ್ದು ಬಂದು ನೋಡಿದ್ರೆ ನಿನ್ನ ಕಾಲೇನು ಸವೆದು ಹೋಗುತ್ತಾ?"

"ಸವೆದೇ ಕೂತಿರೋದು."

ಡ್ರೈವರ್ ಸೌಟನ್ನು ಕುಕ್ಕಿದ. "ಗುಬ್ಬಿ ಏನೋ ಅಂದಳು ಅಂತ ತಾನೇ ಇಷ್ಟೆಲ್ಲ? ಸಿಟ್ಟಿದ್ರೆ ಬಾಯಿ ಬಿಟ್ಟು ಹೇಳು."

"ಗುಬ್ಬಿ ಮೇಲೆ ನನಗ್ಯಾಕೆ ಸಿಟ್ಟು? ನನಗೆ ಅಂತ ಹೇಳಿದ್ದು ಅವಳೊಬ್ಬಳೇ. ನೀವಿಬ್ಬರೂ ಡಿಪೋದಲ್ಲೆಲ್ಲ ಹೇಳಿದ್ರಿ, ಆಸ್ಪತ್ರೇಲೆಲ್ಲ ಹೇಳಿದ್ರಿ. ಅಮ್ಮ ಇದ್ದಾಳೆ, ನೋಡ್ಕೋತಾಳೆ ಅಂತ. ಅಮ್ಮನ ಹತ್ತಿರ ಒಂದು ಮಾತು ಆಡಿದ್ರಾ?"

"ಹೇಳೋಣ ಅಂತಾನೇ ಇದ್ವಿ."

"ಹೇಳೋಣ ಅಂತ ಇದ್ರಿ. ಕೇಳೋಣ ಅಂತ ಇರಲಿಲ್ಲ."

ಹೆಂಡತಿ ತಲೆ ತಗ್ಗಿಸಿದಳು. ಡ್ರೈವರನಿಗೆ ಅಲ್ಲಿಗೆ ನಿಲ್ಲಿಸಬೇಕು ಅನ್ನಿಸಿದ್ದು ನಿಜ. ಆದರೆ ನಾಲಿಗೆ ಇಳಿಜಾರಿನಲ್ಲಿತ್ತು.

"ಅಲ್ಲಮ್ಮ, ಮನೇಲಿ ಸುಮ್ನೆ ಕೂತು ನೀನಾದ್ರೂ ಏನು ಮಾಡ್ತೀಯ?"

ಮಕ್ಕಳ ಚಮಚಗಳು ನಿಂತವು. ಅಮ್ಮ ದುರ್ಬೀನನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವಳ ದನಿ ಏರಲಿಲ್ಲ.

"ಅದನ್ನೇ ನೋಡೋಣ ಅಂತ ಕೂತಿದೀನಿ. ಅರವತ್ನಾಲ್ಕು ವರ್ಷದಲ್ಲಿ ಒಂದು ಸಲಾನೂ ಸುಮ್ನೆ ಕೂತು ನೋಡಿಲ್ಲ. ಹೇಗಿರುತ್ತೋ ಏನೋ."

ಮೂಲೆಯಿಂದ ಹೊಗೆ ಬಂತು.

"ಅಪ್ಪಾ," ಎಂದಳು ಗುಬ್ಬಿ, "ಈಗ ಬೆಂತು."

ಲಾಯರ್ ನಗು ತಡೆಯಲಾರದೆ ಹೊರಗೆ ಓಡಿದಳು. ಡ್ರೈವರ್ ಪಾತ್ರೆಯನ್ನು ಎತ್ತಿಕೊಂಡು, ಮುಖ ಊದಿಸಿಕೊಂಡು ನೀರಿನ ಅಂಚಿಗೆ ಹೋಗಿ ಕೂತ. ಮರಳು ಹಾಕಿ ಕರಿ ತಿಕ್ಕತೊಡಗಿದ. ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಅಲೆ ಬಂದು ಇಬ್ಬರ ಪಾದ ತೊಳೆದು ಹೋಯಿತು.

"ನಾನು ಆ ಕೆಲಸ ಬೇಡ ಅಂತ ಹೇಳಿಬಿಡ್ತೀನಿ ರೀ."

"ಹದಿನೇಳು ವರ್ಷ ಕಾದಿದ್ದೀಯಲ್ಲೇ."

"ಕಾದಿದ್ದೀನಿ. ಏನು ಮಾಡೋದು? ಅತ್ತೆ ಹೇಳಿದ್ರಲ್ಲಿ ತಪ್ಪೇನಿದೆ? ನಾವು ಕೇಳಲಿಲ್ಲ." ಅವಳು ಒಂದು ಕಪ್ಪೆಚಿಪ್ಪು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟಳು. "ಒಂದು ಮಾತು ಕೇಳ್ಲಾ? ಅತ್ತೆ ಆಗಲ್ಲ ಅಂದ್ರು. ನಾನು ಕೆಲಸ ಬಿಡ್ತೀನಿ ಅಂದೆ. ಮನೇಲಿ ದೊಡ್ಡೋರು ಅಂತ ಮೂರು ಜನ ಇದೀವಿ. ಮೂರನೆಯವರ ಹೆಸರೇ ಇಲ್ಲೀವರೆಗೆ ಬಂದಿಲ್ಲ ನೋಡಿ."

ಡ್ರೈವರ್ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ. "ನನ್ನದು ಫಸ್ಟ್ ಶಿಫ್ಟಲ್ವಾ?"

"ಸೆಕೆಂಡ್ ಶಿಫ್ಟ್ ಅಂತ ಒಂದು ಇಲ್ವಾ?"

ಇತ್ತು. ಮಧ್ಯಾಹ್ನ ಒಂದಕ್ಕೆ ಶುರುವಾಗುವ ಶಿಫ್ಟು. ಊರಿನ ಟ್ರಾಫಿಕ್ಕೆಲ್ಲ, ಬೈಗುಳವೆಲ್ಲ ಅದರ ಪಾಲಿಗೆ. ಮೊದಲ ಶಿಫ್ಟು ಸಿಗಬೇಕಾದರೆ ಹದಿನಾರು ವರ್ಷದ ಹಿರಿತನ ಬೇಕಾಗಿತ್ತು ಅವನಿಗೆ. ಬೆಳಗಿನ ಮೊದಲ ಬಸ್ಸು, ಖಾಲಿ ರಸ್ತೆ, ಒಂದೊಂದಾಗಿ ತೆರೆಯುವ ಅಂಗಡಿ ಬಾಗಿಲು, ಪ್ರತಿ ಸ್ಟಾಪಿನಲ್ಲೂ ಗೊತ್ತಿರುವ ಮುಖ. ಆ ರಸ್ತೆ ಅವನಿಗೆ ಎಷ್ಟು ಇಷ್ಟವೆಂದು ಹೆಂಡತಿಗೂ ಗೊತ್ತಿತ್ತು. ಅದಕ್ಕೇ ಅವಳು ಮತ್ತೆ ಒತ್ತಿ ಹೇಳಲಿಲ್ಲ. ಎದ್ದು ಮರಳು ಕೊಡವಿಕೊಂಡು, ಪಾತ್ರೆಯ ಇನ್ನೊಂದು ಹಿಡಿ ಹಿಡಿದಳು. ಇಬ್ಬರೂ ದಿಬ್ಬ ಹತ್ತಿದರು.

ಟೀ ಕುಡಿಯುವಾಗ ಹೆಂಡತಿ ಅತ್ತೆಗೂ ಅದನ್ನೇ ಹೇಳಿದಳು, ಕೆಲಸ ಬೇಡ ಎನ್ನುತ್ತೇನೆಂದು. ಅಮ್ಮ ಲೋಟ ಕೆಳಗಿಟ್ಟಳು.

"ಯಾರು ಹೇಳಿದ್ದು ನಿನಗೆ ಬಿಡು ಅಂತ?"

"ಮತ್ತೆ, ನೀವು..."

"ನಾನು ಬೇಡ ಅಂದಿದ್ದು ಬೆಳಗಿನ ಒಲೇನ. ನಿನ್ನ ಕೆಲಸಾನಲ್ಲ. ನೀನು ಬಿಟ್ರೆ ಅದು ನನ್ನ ತಲೆ ಮೇಲೆ ಬರುತ್ತೆ. ನೀನು ಬಾಯಿ ಬಿಟ್ಟು ಅನ್ನದೇ ಇದ್ರೂ, ಪಾತ್ರೆ ಇಡೋ ಸದ್ದಲ್ಲಿ ನನಗೆ ಕೇಳುತ್ತೆ. ಹೋಗಿ ದೊಡ್ಡ ನರ್ಸ್ ಆಗು."

"ಹಾಗಾದ್ರೆ ಮಕ್ಕಳನ್ನ ಎಬ್ಬಿಸೋದು ಯಾರು ಅತ್ತೆ?"

"ಅದನ್ನ ನನ್ನ ಕೇಳಬೇಡ. ನಾನು ಹಡಗು ನೋಡ್ತಿದೀನಿ."

ಎರಡನೇ ವಾರ ಒಂದು ದಿನ ಡ್ರೈವರ್ ಬೇಗ ಎದ್ದು ದೋಣಿಗಳು ಬಂದು ನಿಲ್ಲುವ ಕಟ್ಟೆಯ ಕಡೆ ನಡೆದು ಹೋದ. ಮೊಟ್ಟೆ ಕಂಡರೆ ಗುಬ್ಬಿ ಅಳುವ ಹಂತಕ್ಕೆ ಬಂದಿದ್ದಳು, ಬೇರೆ ದಾರಿ ಇರಲಿಲ್ಲ. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಮೊದಲ ಸಲಾನಾ?"

"ಅಷ್ಟು ಗೊತ್ತಾಗುತ್ತಾ?"

"ಮೀನನ್ನ ಹೀಗೆ ನೋಡ್ತಿದ್ದೀಯಲ್ಲ, ಅದೇ ನಿನ್ನನ್ನ ತಿನ್ನುತ್ತೇನೋ ಅನ್ನೋ ಹಾಗೆ. ಬಾ ಇಲ್ಲಿ. ಕಿವಿರು ಎತ್ತಿ ನೋಡು, ಕೆಂಪಗಿರಬೇಕು. ಕಣ್ಣು ಮಿಂಚ್ತಿರಬೇಕು. ಬೆರಳಲ್ಲಿ ಒತ್ತಿದ್ರೆ ಗುಂಡಿ ಬೀಳಬಾರದು."

ಅವಳು ಮೀನು ಸೀಳಿ ತೋರಿಸಿದಳು. ಎರಡನೆಯದನ್ನು ಅವನ ಕೈಲೇ ಸೀಳಿಸಿದಳು. ಬಾಣಲೆ ಚೆನ್ನಾಗಿ ಕಾದ ಮೇಲೆ ಮೀನು ಇಡಬೇಕು, ಇಟ್ಟ ಮೇಲೆ ಕೈ ಕಟ್ಟಿಕೊಂಡು ನಿಲ್ಲಬೇಕು ಎಂದಳು. "ಗಂಡಸರು ಮೀನು ಕೆಡಿಸೋದೇ ಹಾಗೆ. ನಿಮಿಷಕ್ಕೊಂದು ಸಲ ತಿರುವಿ ಹಾಕ್ತಾರೆ. ಬಿಡು ಅದನ್ನ, ಅದರ ಪಾಡಿಗೆ."

ಡ್ರೈವರ್ ಅಕ್ಷರಶಃ ಹಾಗೇ ಮಾಡಿದ. ಬಾಣಲೆ ಕಾಯಿಸಿದ, ಮೀನು ಇಟ್ಟ, ಕೈ ಕಟ್ಟಿಕೊಂಡು ನಿಂತ. ಲಾಯರ್ ಗಡಿಯಾರ ನೋಡುತ್ತ ನಿಮಿಷ ಎಣಿಸಿದಳು. ಮೀನಿನ ಮೈ ಹೊಂಬಣ್ಣಕ್ಕೆ ತಿರುಗಿ, ಅಂಚು ಗರಿಗರಿಯಾಗಿ, ಆ ವಾಸನೆ ಪಕ್ಕದ ಗಾಡಿಯವರೆಗೂ ಹೋಯಿತು. ಅಂಚೆಯಮ್ಮ ಕರೆಯದೇ ತನ್ನ ತಟ್ಟೆಯೊಂದಿಗೆ ಹಾಜರಾದಳು.

ಮೊದಲ ಮೀನನ್ನು ಅವನು ಅಮ್ಮನ ತಟ್ಟೆಗೆ ಹಾಕಿದ. ಅಮ್ಮ ಮುರಿದು ಬಾಯಿಗಿಟ್ಟವಳು ಹಾ ಹಾ ಎಂದು ಬಾಯಿ ತೆರೆದಳು.

"ಏನಾಯ್ತಮ್ಮ? ಮುಳ್ಳಾ?"

"ಇಲ್ವೋ. ಬಿಸಿ." ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. "ಇಷ್ಟು ಬಿಸಿ ತಿಂದು ಎಷ್ಟು ಕಾಲ ಆಯ್ತೋ. ಅಲ್ಲಿ ಮುನ್ನೂರು ತಟ್ಟೆ ಮುಗಿದ ಮೇಲೆ ನಾವು ಕೂರ್ತಿದ್ವಿ. ಮನೇಲೂ ಅಷ್ಟೇ, ನಿಮ್ಮದೆಲ್ಲ ಆದ ಮೇಲೆ. ಬಿಸಿ ಅನ್ನೋದು ಬೇರೆಯವರಿಗೆ ಅನ್ಕೊಂಡಿದ್ದೆ."

ಆಮೇಲೆ ಇನ್ನೊಂದು ಹಾಕು ಎಂದು ತಟ್ಟೆ ಚಾಚಿದಳು. ಡ್ರೈವರ್ ಮತ್ತೆ ಒಲೆಯ ಮುಂದೆ ಹೋಗಿ ನಿಂತ. ಬೆನ್ನು ಎಲ್ಲರ ಕಡೆ ಮಾಡಿ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಾಣಲೆಯನ್ನೇ ನೋಡಿದ. ಆ ದಿನ ಅವನು ಒಂಬತ್ತು ಮೀನು ಕರಿದ. ತಾನು ತಿಂದದ್ದು ಕೊನೆಗೆ, ಒಂದು ಬಾಲ.

ಮರುದಿನ ಅವನು ಡಿಪೋಗೆ ಫೋನು ಮಾಡಿದ. ಗಾಳಿಗೆ ಮಾತು ಕೇಳಿಸದೆ ಗಾಡಿಮನೆಯ ಹಿಂದೆ, ಬೇಲಿಯ ಮರೆಯಲ್ಲಿ ನಿಂತು ಕೂಗಬೇಕಾಯಿತು.

"ಸೆಕೆಂಡ್ ಶಿಫ್ಟಾ?" ಎಂದ ಶಿಫ್ಟು ಹಂಚುವವನು. "ಏನಪ್ಪಾ, ಸಮುದ್ರದ ನೀರು ತಲೆಗೇರ್ತಾ? ಫಸ್ಟ್ ಶಿಫ್ಟಿಗೆ ಇಲ್ಲಿ ಜನ ಬಾಯಿ ಬಿಟ್ಕೊಂಡು ಕೂತಿದ್ದಾರೆ. ಒಂದು ಸಲ ಬಿಟ್ರೆ ಮತ್ತೆ ಸಿಗಲ್ಲ, ನೋಡು."

"ಗೊತ್ತು. ಬರ್ಕೊಳ್ಳಿ."

"ಯಾಕೆ ಅಂತ ಕೇಳಬಹುದಾ?"

"ಬೆಳಿಗ್ಗೆ ಅಡುಗೆ ಕೆಲಸ ಇದೆ," ಎಂದು ಕೂಗಿದ ಡ್ರೈವರ್.

ತಿರುಗಿ ನೋಡಿದರೆ ಅಡುಗೆಮೂಲೆಯ ಪುಟ್ಟ ಕಿಟಕಿಯಲ್ಲಿ ಹೆಂಡತಿಯ ಮುಖ. ಎಲ್ಲ ಕೇಳಿಸಿಕೊಂಡಿದ್ದಳು. ಕಿಟಕಿಯಿಂದ ಕೈ ಚಾಚಿ ಅವನ ತಲೆಗೂದಲು ಕೆದರಿದಳು. ಮದುವೆಯಾದ ಹೊಸತರಲ್ಲಿ ಹಾಗೆ ಮಾಡುತ್ತಿದ್ದಳು. ಆಮೇಲೆ ಇಬ್ಬರಿಗೂ ಪುರುಸೊತ್ತು ಆಗಿರಲಿಲ್ಲ.

ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದು ಲಾಯರ್. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತೀರ್ಪು ಓದುವಂತೆ ಓದಿದಳು. ಬೆಳಿಗ್ಗೆ ಎಬ್ಬಿಸುವುದು, ತಿಂಡಿ, ಮಧ್ಯಾಹ್ನದ ಅಡುಗೆ, ಶಾಲೆಗೆ ಬಿಡುವುದು ಅಪ್ಪ. ಮೂರು ಗಂಟೆಯಿಂದ ಮುಂದಿನದು ಆಸ್ಪತ್ರೆಯಿಂದ ಬಂದ ಅಮ್ಮ. ಬಟ್ಟೆ ಒಗೆದು ಹರವುವುದು ಸ್ವತಃ ಲಾಯರ್. ತಟ್ಟೆ ಇಡುವುದು, ಎತ್ತುವುದು ಗುಬ್ಬಿ. "ಅಜ್ಜಿಯ ಪಾಲಿಗೆ ಏನೂ ಇಲ್ಲ," ಎಂದು ಮುಗಿಸಿದಳು.

ಎಲ್ಲರೂ ಅಮ್ಮ ಹಿಗ್ಗುತ್ತಾಳೆಂದು ಕಾದರು. ಅಮ್ಮನ ಮುಖ ಸಣ್ಣದಾಯಿತು.

"ಏನೂ ಇಲ್ವಾ?"

"ಏನೂ ಇಲ್ಲ."

"ಎರಡೇ ವಾರದಲ್ಲಿ ನನ್ನನ್ನ ಪಕ್ಕಕ್ಕೆ ತಳ್ಳಿ ಸಂಸಾರ ಕಟ್ಟಿಬಿಟ್ರಾ? ಅಷ್ಟು ಸುಲಭ ಇತ್ತಾ ನಾನು ಮಾಡ್ತಿದ್ದಿದ್ದು?"

"ಅಯ್ಯೋ ಅಮ್ಮ!" ಡ್ರೈವರ್ ತಲೆ ಮೇಲೆ ಕೈ ಹೊತ್ತ. "ಮಾಡು ಅಂದ್ರೂ ಸಿಟ್ಟು, ಬೇಡ ಅಂದ್ರೂ ಸಿಟ್ಟಾ? ನಾನೇನು ಮಾಡ್ಲಿ, ಸಮುದ್ರಕ್ಕೆ ಬೀಳ್ಲಾ?"

"ಬೀಳು. ಈಜು ಬರಲ್ಲ ನಿನಗೆ, ನೆನಪಿರಲಿ."

ಮೊದಲು ನಕ್ಕದ್ದು ಹೆಂಡತಿ. ಆಮೇಲೆ ಅಮ್ಮ, ತಡೆಯಲಾರದೆ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ಯಾಕೆಂದು ಗೊತ್ತಿಲ್ಲದೆ ಗುಬ್ಬಿ ಎಲ್ಲರಿಗಿಂತ ಜೋರಾಗಿ.

ಆ ನಗುವಿನ ಭರದಲ್ಲೇ ಅವರು ಅಮ್ಮನನ್ನು ಎಳೆದುಕೊಂಡು ನೀರಿಗೆ ಹೋದರು. ಮೂರು ವಾರ ಮುಗಿಯಲು ಇನ್ನು ಒಂದೇ ವಾರವಿತ್ತು, ಅವಳು ಅಲ್ಲಿಯವರೆಗೆ ಪಾದವನ್ನೂ ತೋಯಿಸಿರಲಿಲ್ಲ. ಒಂದು ಕೈ ಸೊಸೆ ಹಿಡಿದಳು, ಇನ್ನೊಂದು ಕೈ ಲಾಯರ್. ಮೊಣಕಾಲುದ್ದದ ನೀರಿನಲ್ಲಿ ನಿಂತು ಅಮ್ಮ ಸಾಕು ಸಾಕು ಎನ್ನುವಷ್ಟರಲ್ಲಿ ಒಂದು ಅಲೆ ಹಿಂದಿನಿಂದ ಬಂದು ಅವಳನ್ನು ದೊಪ್ಪೆಂದು ಕೂರಿಸಿತು. ನೀರು ಎದೆಯವರೆಗೆ ಬಂದು ಸರಿಯಿತು. ಡ್ರೈವರ್ ಗಾಬರಿಯಿಂದ ಓಡಿ ಬಂದ. ಅಮ್ಮ ಕೂತಲ್ಲೇ ಮರಳನ್ನು ಬಾಚಿ ಅವನತ್ತ ಎಸೆದಳು.

"ಎಬ್ಬಿಸಬೇಡ್ರೋ! ಇನ್ನೊಂದು ಬರಲಿ!"

ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು. ದಿಬ್ಬದ ಮೇಲಿಂದ ಅಂಚೆಯಮ್ಮ ದುರ್ಬೀನಿನಲ್ಲಿ ನೋಡಿ ಕೂಗಿದಳು, "ಹೊಟ್ಟೆ ತುಂಬಿದ ಹಡಗೊಂದು ದಡಕ್ಕೆ ಹತ್ತಿದೆ! ಬರ್ಕೊಳ್ಳಾ?"

ಹೊರಡುವ ದಿನ ಬಂತು. ಡ್ರೈವರ್ ಮರಳೆಲ್ಲ ಗುಡಿಸಿ, ಒಲೆ ಒರೆಸಿ, ಮುಂದೆ ಬರುವವರಿಗೆ ಹಾಸಿಗೆ ಮಡಚಿಟ್ಟ. ಚೀಲಗಳನ್ನು ಕಾರಿಗೆ ತುಂಬುವಾಗ ನೋಡಿದರೆ ಅಮ್ಮನ ಚೀಲ ಇರಲಿಲ್ಲ. ಅದು ಪಕ್ಕದ ಗಾಡಿಯ ಮೆಟ್ಟಿಲ ಮೇಲಿತ್ತು.

"ನಾನು ಇನ್ನೊಂದು ತಿಂಗಳು ಇಲ್ಲೇ ಇರ್ತೀನಿ," ಎಂದಳು ಅಮ್ಮ. "ಇವಳ ಹತ್ತಿರ ಇನ್ನೊಂದು ಮಂಚ ಇದೆಯಂತೆ."

"ಅಡುಗೆ ಮಾಡಿಸ್ಕೊಳ್ಳೋಕಾ?" ಡ್ರೈವರ್ ಅಂಚೆಯಮ್ಮನನ್ನು ಅನುಮಾನದಿಂದ ನೋಡಿದ.

"ನನ್ನ ಗಾಡೀಲಿ ಒಂದು ದಿನ ನಾನು, ಒಂದು ದಿನ ಅವಳು," ಎಂದಳು ಅಂಚೆಯಮ್ಮ. "ಮಾತಾಗಿದೆ. ನಾನು ಕೇಳಿದೆ, ಅವಳು ಒಪ್ಪಿದಳು."

ಕೇಳಿದೆ ಎನ್ನುವ ಮಾತನ್ನು ಅವಳು ಸ್ವಲ್ಪ ಒತ್ತಿಯೇ ಹೇಳಿದಳು. ಡ್ರೈವರ್ ಕೆಮ್ಮಿದ. ಗುಬ್ಬಿ ಅಜ್ಜಿಯ ಕಾಲು ಹಿಡಿದು ನೇತಾಡಿದಳು. ಹೆಂಡತಿ ಅತ್ತೆಯ ಕೈ ಹಿಡಿದು, "ನನ್ನ ಮೊದಲ ದಿನ ನೀವು ಇರಲ್ವಲ್ಲ," ಎಂದಳು.

"ಇದ್ದಿದ್ರೆ ನೀನು ಹೋಗೋವಾಗ ನಾನು ಎದ್ದು ಟೀ ಮಾಡ್ತಿದ್ದೆ. ಅಭ್ಯಾಸ ಹಾಳಾಗ್ತಿತ್ತು. ಹೋಗು, ಧೈರ್ಯವಾಗಿ ಹೋಗು."

ಮೊದಲ ವಾರ ಮನೆಯಲ್ಲಿ ಯುದ್ಧವೇ ನಡೆಯಿತು. ಗುಬ್ಬಿಗೆ ಒಂದು ಕಾಲಿಗೆ ಒಂದು ಬಣ್ಣದ ಸಾಕ್ಸ್ ಹಾಕಿ ಶಾಲೆಗೆ ಕಳಿಸಿದ್ದಾಯಿತು. ಲಾಯರ್ ಒಗೆದ ಬಟ್ಟೆಯಲ್ಲಿ ಹೆಂಡತಿಯ ಸಮವಸ್ತ್ರ ತಿಳಿ ಗುಲಾಬಿಯಾಗಿ, ಮಕ್ಕಳ ವಾರ್ಡಿಗೆ ಇದೇ ಚೆಂದ ಎಂದು ಅವಳು ಅದನ್ನೇ ಹಾಕಿಕೊಂಡು ಹೋದಳು. ಎರಡನೇ ವಾರಕ್ಕೆ ಡ್ರೈವರ್ ಅಡುಗೆಮನೆಯನ್ನು ತನ್ನ ಕೈಗೆ ಎಟಕುವಂತೆ ಬದಲಿಸಿಕೊಂಡ. ಬಸ್ಸಿನ ಕ್ಯಾಬಿನ್ನಿನಲ್ಲಿ ಗೇರು, ಸ್ವಿಚ್ಚು ಇರುವ ಹಾಗೆ ಎಲ್ಲವೂ ಒಂದೇ ಕಡೆ, ಕೂತಲ್ಲಿಂದ ಸಿಗುವಂತೆ. ಮೂರನೇ ವಾರಕ್ಕೆ ಅನ್ನ ಒಂದೇ ಅಂತಸ್ತಿಗೆ ಇಳಿಯಿತು.

ಹೇಳಿದ್ದಕ್ಕಿಂತ ಎರಡು ದಿನ ಮೊದಲೇ, ಒಂದು ಗುರುವಾರ ಮಧ್ಯಾಹ್ನ ಅಮ್ಮ ಬಂದಳು. ಯಾರಿಗೂ ಹೇಳಿರಲಿಲ್ಲ. ಡ್ರೈವರ್ ಆಗ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಸ್ಟೇರಿಂಗಿಗೆ ಕೈ ಊರಿ ಸುಧಾರಿಸಿಕೊಳ್ಳುತ್ತಿದ್ದ. ಫೋನು ಬಂತು.

"ಎಲ್ಲಿದೀಯಮ್ಮ?"

"ಮನೇಲಿ. ನನ್ನ ಅಡುಗೆಮನೇಲೇ ನಾನು ದಾರಿ ತಪ್ಪಿ ನಿಂತಿದೀನಿ. ಉಪ್ಪು ಎಲ್ಲಿಟ್ಟಿದೀಯೋ?"

ಡ್ರೈವರನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಯಿತು. ಮೂವತ್ತು ವರ್ಷ ಅವಳದೇ ಆಗಿದ್ದ ಮನೆಯಲ್ಲಿ ಅಮ್ಮ ತನ್ನನ್ನು ಕೇಳುತ್ತಿದ್ದಾಳೆ! ಎದೆ ಉಬ್ಬಿಸಿಕೊಂಡು ಹೇಳಿದ:

"ಒಲೆ ಪಕ್ಕ, ಕೆಳಗಿನ ಸಾಲು, ಎಡಗಡೆ ಡಬ್ಬ. ಆದ್ರೆ ನೀನ್ಯಾಕೆ ಉಪ್ಪು ಹುಡುಕ್ತಿದೀಯ? ಬಂದ ದಿನಾನೇ ಒಲೆ ಹಚ್ಚಬೇಡ. ಅನ್ನ, ಬೇಳೆ ಎಲ್ಲ ಮಾಡಿಟ್ಟು ಬಂದಿದೀನಿ. ಮುಚ್ಚಳ ತೆಗೆದು ಬಿಸಿ ಇರುವಾಗಲೇ ಊಟ ಮಾಡು."

"ಊಟ ಮಾಡ್ತಾನೇ ಇದೀನಿ ಕಣೋ," ಎಂದಳು ಅಮ್ಮ. "ಅದಕ್ಕೇ ಉಪ್ಪು ಕೇಳಿದ್ದು."